ಎಡ ಹೆಗಲು, ಎರಡು ಸಲ

ಭಾನುವಾರ, ಜುಲೈ ಹನ್ನೆರಡು, ಬೆಳಿಗ್ಗೆ ಹತ್ತೂ ಇಪ್ಪತ್ತು. ಬರೆಯಲು ಕೂತ ಹೊತ್ತನ್ನು ಮೊದಲು ಬರೆದುಕೊಳ್ಳುವುದು ನನ್ನ ಅಭ್ಯಾಸ. ಮುಂದೆ ಏನಾದರೂ ಎಡವಟ್ಟಾದರೆ ಎಲ್ಲಿಂದ ಶುರುವಾಯಿತು ಎಂದು ಹೇಳಲು ಅನುಕೂಲ. ಅಂಜುಬುರುಕರಲ್ಲಿ ಎರಡು ಬಗೆ ಎಂದು ನನ್ನ ಲೆಕ್ಕ. ಹೆದರಿಕೆಯಾದಾಗ ಓಡುವವರು ಒಂದು, ಹೆದರಿಕೆಯಾದಾಗ ಪೆನ್ನು ತೆಗೆಯುವವರು ಇನ್ನೊಂದು. ನಾನು ಎರಡನೆಯವಳು. ಕಳೆದ ತಿಂಗಳು ನನಗೆ ಹನ್ನೊಂದು ಸಲ ಹೆದರಿಕೆಯಾಗಿದೆ. ಬೀದಿನಾಯಿಗೆ ಮೂರು, ಗ್ಯಾಸ್ ಸಿಲಿಂಡರಿನ ವಾಸನೆಗೆ ಎರಡು, ಮಿಕ್ಕ ಆರೂ ನಾನು ಕೆಲಸ ಮಾಡುವ ಶೆಡ್ಡಿನ ಯಜಮಾನರಿಗೆ. ಬರೆದಿಟ್ಟರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಇದನ್ನು ಶುರುಮಾಡಿದೆ. ಕಡಿಮೆಯಾಗಲಿಲ್ಲ, ತಾರೀಖು ಸಮೇತ ನೆನಪಿರುತ್ತದೆ, ಅಷ್ಟೇ. ಇದರ ಜೊತೆಗೆ ಎದೆ ಡವಗುಟ್ಟಿದಾಗಲೆಲ್ಲ ಪೆನ್ನಿನ ತಲೆಯನ್ನು ಹೆಬ್ಬೆರಳಿನಿಂದ ಟಿಕ್ ಟಿಕ್ ಎಂದು ಒತ್ತುವ ಚಟವೊಂದು ಅಂಟಿಕೊಂಡಿದೆ. ಅಮ್ಮ, "ಹಲ್ಲಿ ಲೊಚಗುಟ್ಟಿದ್ರೆ ಶಕುನ ಅಂತಾರೆ, ನೀನು ಲೊಚಗುಟ್ಟಿದ್ರೆ ಏನಂತಾರೋ" ಎಂದು ಗೊಣಗುತ್ತಾಳೆ.

ನಾನು ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ ಆಫೀಸು ನೋಡಿಕೊಳ್ಳುತ್ತೇನೆ. ಇಪ್ಪತ್ನಾಲ್ಕು ವಿದ್ಯುತ್ ಮಗ್ಗ, ನೇಯುವವರು, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವವರು ಎಲ್ಲ ಸೇರಿ ಹತ್ತೊಂಬತ್ತು ಜನ. ಮಗ್ಗದ ಸದ್ದು ಕೇಳದವರಿಗೆ ಅದನ್ನು ಹೇಗೆ ಹೇಳುವುದು? ನಮ್ಮೂರಿನಲ್ಲಿ ಕರೆಂಟು ಹೋದರೆ ತೊಟ್ಟಿಲ ಮಕ್ಕಳು ಎದ್ದು ಅಳುತ್ತವೆ, ಸದ್ದು ಯಾಕೆ ನಿಂತಿತು ಎಂದು. ಇಂಥ ಸದ್ದಿನಲ್ಲಿ ಬಾಯಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಶೆಡ್ಡಿನೊಳಗೆ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ದಾರ ಕಡಿದಿದೆ, ಹೆಬ್ಬೆರಳು ತುಟಿಗೆ ಮುಟ್ಟಿದರೆ ಟೀ ಬಂತು, ಅಂಗೈ ಕೆನ್ನೆಗೆ ಹೋದರೆ ಇಂಥವನು ಮಲಗಿದ್ದಾನೆ. ಈ ಭಾಷೆ ಮನೆಗೂ ಬರುತ್ತದೆ. ಹೋದ ವರ್ಷ ಒಂದು ಮದುವೆಯಲ್ಲಿ ನಮ್ಮ ಸೋದರತ್ತೆ ಊಟದ ಪಂಕ್ತಿಯ ಆ ತುದಿಯಿಂದ ಈ ತುದಿಗೆ ಸಾರಿನಲ್ಲಿ ಉಪ್ಪಿಲ್ಲ ಎಂಬುದನ್ನು ಒಂದೂ ಮಾತಿಲ್ಲದೆ ದಾಟಿಸಿದ್ದಳು. ಗಂಡಿನ ಕಡೆಯವರು ಬೆಂಗಳೂರಿನವರು, ಏನೋ ಶಾಸ್ತ್ರವಿರಬೇಕು ಎಂದು ಕೈಮುಗಿದರು.

ಈ ಕೈಮಾತಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಬಲಗೈಯಿಂದ ಎಡ ಹೆಗಲನ್ನು ಎರಡು ಸಲ ಕೊಡವಿಕೊಳ್ಳುವುದು. ಹತ್ತಿಯ ಧೂಳು ಒರೆಸಿಕೊಂಡಂತೆ ಕಾಣುತ್ತದೆ. ಅರ್ಥ ಇಷ್ಟೇ: ಯಜಮಾನರು ಬರುತ್ತಿದ್ದಾರೆ. ಅವರ ಎಡ ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್ ಇರುತ್ತದೆ, ಮಾತಿಗೊಮ್ಮೆ ಅದನ್ನು ಕೊಡವಿ ಹಾಕಿಕೊಳ್ಳುತ್ತಾರೆ, ಅದರಿಂದ ಹುಟ್ಟಿದ ಸನ್ನೆ, ಈಗ ಊರಿನ ಬೇರೆ ಶೆಡ್ಡುಗಳಿಗೂ ಹಬ್ಬಿದೆ. ಯಜಮಾನರು ಕೆಟ್ಟವರಲ್ಲ. ಆದರೆ ಯಾರಾದರೂ ಮಗ್ಗ ಬಿಟ್ಟು ಎರಡು ಹೆಜ್ಜೆ ಆಚೆ ನಿಂತಿದ್ದರೆ, ಕೈಯಲ್ಲಿ ಫೋನಿದ್ದರೆ, ಏನೂ ಕೇಳದೆ ಅರ್ಧ ದಿನ ಕಟ್ ಎಂದು ನನಗೆ ಹೇಳಿ ಹೋಗುತ್ತಾರೆ. ಮಗಳ ಸ್ಕೂಲಿನಿಂದ ಫೋನು ಬಂದಿತ್ತು ಎಂದರೂ ಅಷ್ಟೇ, ಸೊಂಟ ಹಿಡಿದುಕೊಂಡಿತ್ತು ಎಂದರೂ ಅಷ್ಟೇ. ಆದ್ದರಿಂದ ಈ ಸನ್ನೆ. ಈಗ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗೇಟಿನ ಕಡೆ ಕಿಟಕಿ ಇರುವುದು ಆಫೀಸಿಗೆ ಮಾತ್ರ. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಅವರ ಬಿಳಿ ಕಾರು ಕಂಡೊಡನೆ ಮೊದಲು ಹೆಗಲು ಕೊಡವುವವಳು ನಾನು. ಒಳಗಿನ ಗಾಜಿನಿಂದ ಅದು ಜಬೀನಕ್ಕನಿಗೆ ಕಾಣುತ್ತದೆ. ಕಂಡಿಕೆ ಸುತ್ತುವ ಜಬೀನಕ್ಕನಿಂದ ನೇಯುವ ಮುನಿರಾಜಣ್ಣನಿಗೆ, ಅಲ್ಲಿಂದ ಇಡೀ ಶೆಡ್ಡಿಗೆ. ಕಾರು ನಿಲ್ಲುವಷ್ಟರಲ್ಲಿ ಹತ್ತೊಂಬತ್ತು ಜನವೂ ಮಗ್ಗದ ಮುಂದೆ ಋಷಿಗಳಂತೆ ನಿಂತಿರುತ್ತಾರೆ. ಇದು ಹೊರಗೆ ಬಿದ್ದರೆ ಮೊದಲು ಹೋಗುವುದು ನನ್ನ ಕೆಲಸ. ಆರು ಹೆದರಿಕೆಗಳ ಮೂಲ ಇದು.

ಹೀಗಿರುವಾಗ ಹೊಸಕೋಟೆ ಚಿಕ್ಕಮ್ಮನ ಮಗ ಚೇತನ್ ಸಿನಿಮಾ ಮಾಡುತ್ತೇನೆ ಎಂದು ಬಂದ. ಗಡ್ಡ ಬಿಟ್ಟಿದ್ದ. ಅವನು ಕಥೆ ಹೇಳಿದ ದಿನ ಅಮ್ಮ ಅವರೆಕಾಳು ಹಿಸುಕುತ್ತಿದ್ದಳು.

"ದೊಡ್ಡಮ್ಮ, ಒಂದು ಊರು. ಆ ಊರಲ್ಲಿ ಒಂದು ಕಪ್ಪು ಕೊಡೆ ತಾನಾಗೇ ಓಡಾಡ್ತಿರುತ್ತೆ. ಅದರ ಕೆಳಗೆ ಯಾರೂ ಇಲ್ಲ."

"ಯಾರೂ ಇಲ್ಲ ಅಂದ್ರೆ ಹಿಡ್ಕೊಂಡಿರೋರು ಯಾರೋ?"

"ಅದೇ ಪ್ರಶ್ನೆ. ಯಾರೂ ಕೇಳಲ್ಲ. ಕೊಡೆ ಬಂದ್ರೆ ಎಲ್ಲಾರೂ ಬಿಸಿಲಿಗೆ ಬಂದು ನಿಂತ್ಕೊಂಡು ನಮಸ್ಕಾರ ಮಾಡ್ತಾರೆ. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ. ಒಬ್ಬಳು ಹುಡುಗಿ ಮಾತ್ರ ಮಾಡಲ್ಲ."

"ಅವಳಿಗೆ ಮದುವೆ ಆಗುತ್ತಾ?"

"ಇದು ರೂಪಕ ದೊಡ್ಡಮ್ಮ. ಅಧಿಕಾರದ ಬಗ್ಗೆ. ಮಾತೇ ಇರಲ್ಲ, ಬರೀ ಮಗ್ಗದ ಸದ್ದು."

"ಸದ್ದು ಕೇಳೋಕೆ ಸಿನಿಮಾಕ್ಕೆ ಯಾಕಪ್ಪ ಹೋಗ್ಬೇಕು, ಕಿಟಕಿ ತೆಗೆದ್ರೆ ಆಯ್ತು" ಎಂದು ಅಮ್ಮ ಕಾಳಿನ ಕಡೆ ತಿರುಗಿದಳು. ಸಿನಿಮಾದ ಹೆಸರು 'ಕೊಡೆ'. ಛತ್ರಿ ಎಂದೇ ಇಡಬಹುದಿತ್ತಲ್ಲ ಎಂದರೆ, ನಮ್ಮ ಕಡೆ ಅದು ಬೈಗುಳವಾಗುತ್ತದೆ, ಮುನಿಸಿಪಾಲಿಟಿಯವರು ಪ್ರದರ್ಶನಕ್ಕೆ ಸಮುದಾಯ ಭವನ ಕೊಡುವುದಿಲ್ಲ ಎಂದ. ಅವನಿಗೆ ಒಂದು ಶೆಡ್ಡು ಬೇಕಿತ್ತು, ಬಿಟ್ಟಿ ಜನ ಬೇಕಿತ್ತು, ಮತ್ತು ಯಾವ ದೃಶ್ಯದಲ್ಲಿ ಯಾರ ಗುಂಡಿ ಹಾಕಿತ್ತು, ಯಾರ ಕೈ ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳುವವರು ಬೇಕಿತ್ತು. "ಅಕ್ಕ, ಇದಕ್ಕೆ ಅಂತಲೇ ಹುಟ್ಟಿದ್ದೀಯ ನೀನು" ಎಂದ. ಹೊಗಳಿಕೆಯೋ ಬೈಗುಳವೋ ತಿಳಿಯದೆ ಒಪ್ಪಿಕೊಂಡೆ. ಯಜಮಾನರನ್ನು ಕೇಳಿದೆ. ಅವರು ಟವೆಲ್ ಕೊಡವಿ, "ನಮ್ಮ ಶೆಡ್ಡು ಸಿನಿಮಾದಲ್ಲಿ ಬರ್ತದೇನಮ್ಮ? ಭಾನುವಾರ ಮಾಡ್ಕೊಳ್ಳಿ" ಎಂದರು. ಕಥೆ ಏನು ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆನೇ ಎಂಬುದು ಬೇರೆ.

ಚಿತ್ರೀಕರಣದ ಭಾನುವಾರ ಹತ್ತೊಂಬತ್ತು ಜನರಿಗೂ ಬೂದು ಬಣ್ಣದ ಅಂಗಿ ಹಾಕಿಸಿದರು. ಕೊಡೆಯನ್ನು ಮೇಲಿನ ಕಂಬಿಗೆ ನೈಲಾನ್ ದಾರದಲ್ಲಿ ಕಟ್ಟಿ, ಚೇತನನ ಸ್ನೇಹಿತನೊಬ್ಬ ಮರೆಯಲ್ಲಿ ನಿಂತು ಎಳೆಯುತ್ತಿದ್ದ. ಕೊಡೆ ತೇಲುತ್ತ ಬಂದಾಗ ಎಲ್ಲರೂ ವಿಧೇಯತೆ ತೋರಿಸಬೇಕು. ಕೈಮುಗಿಯಿರಿ ಎಂದರೆ ಮುನಿರಾಜಣ್ಣ ಎಲೆಕ್ಷನ್‌ಗೆ ನಿಂತವರಂತೆ ನಕ್ಕರು. ತಲೆಬಾಗಿ ಎಂದರೆ ಎಲ್ಲರೂ ನೆಲದಲ್ಲಿ ಕಾಸು ಹುಡುಕುವವರಂತೆ ಕಂಡರು. "ಒಳಗಿನಿಂದ ಬರಬೇಕು, ಮೈಯೇ ಮಾಡಬೇಕು, ನೀವು ಮಾಡಬಾರದು" ಎಂದು ಚೇತನ್ ಬೇಡಿಕೊಂಡ. ಜಬೀನಕ್ಕ ನನ್ನ ಕಿವಿಯಲ್ಲಿ, "ಪವಿ, ನಿನ್ನ ತಮ್ಮಂಗೆ ಜ್ವರಾನಾ?" ಎಂದರು. ಎಂಟನೇ ಸಲ ಕೊಡೆ ಹೊರಟಿತು. ಆಗ ನನಗೆ ಬಾಗಿಲಿನಾಚೆ ಬಿಳಿ ಕಾರು ಕಂಡಿತು. ಶೂಟಿಂಗ್ ಹೇಗೆ ನಡೆದಿದೆ ನೋಡೋಣವೆಂದು ಯಜಮಾನರು ಬಂದಿದ್ದರು. ಭಾನುವಾರ, ಕೆಲಸವಿಲ್ಲ, ಯಾರೂ ಏನೂ ತಪ್ಪು ಮಾಡುತ್ತಿಲ್ಲ. ಇದೆಲ್ಲ ತಲೆಗೆ ಗೊತ್ತಿತ್ತು. ಆದರೆ ನನ್ನ ಕೈ ನನ್ನನ್ನು ಕೇಳದೆ ಎಡ ಹೆಗಲಿಗೆ ಹೋಗಿ ಎರಡು ಸಲ ಕೊಡವಿತು. ಜಬೀನಕ್ಕನ ಕೈ ಹೋಯಿತು. ಮುನಿರಾಜಣ್ಣನ ಕೈ ಹೋಯಿತು. ಕ್ಷಣದಲ್ಲಿ ಹತ್ತೊಂಬತ್ತು ಬೂದು ಹೆಗಲುಗಳು ಕೊಡವಿಕೊಂಡು, ಬೆನ್ನು ನೆಟ್ಟಗಾಗಿ, ಮುಖದ ನಗೆಯೆಲ್ಲ ಇಳಿದುಹೋಯಿತು. ಅವರ ತಲೆಯ ಮೇಲೆ ಕೊಡೆ ತೇಲಿಹೋಯಿತು. ಯಜಮಾನರು ಬಾಗಿಲಲ್ಲಿ ಫೋನಿನಲ್ಲಿ ಮಾತಾಡುತ್ತ ಬೀದಿಯ ಕಡೆ ಮುಖ ಮಾಡಿದ್ದರು, ನೋಡಲಿಲ್ಲ.

ಚೇತನನ ಕಣ್ಣಲ್ಲಿ ನೀರು. "ಇದೇ ಕಣಕ್ಕ. ಇದೇ ಬೇಕಾಗಿತ್ತು. ಎಲ್ಲಾ ದೃಶ್ಯದಲ್ಲೂ ಇದೇ ಇರಲಿ."

ಆಗಲೇ ನಾನು ಅದನ್ನು ತಡೆಯಬೇಕಿತ್ತು. ತಡೆಯಲು ಕಾರಣ ಹೇಳಬೇಕಿತ್ತು, ಕಾರಣ ಬಾಗಿಲಲ್ಲೇ ನಿಂತಿತ್ತು. ಹಾಗಾಗಿ ನಾನು ನನಗೆ ಬರುವ ಒಂದೇ ಕೆಲಸ ಮಾಡಿದೆ. 'ಎಡ ಹೆಗಲು, ಎರಡು ಸಲ' ಎಂದು ಬರೆದುಕೊಂಡೆ. ಮುಂದಿನ ದೃಶ್ಯದಲ್ಲಿ ಒಬ್ಬರು ಬಲ ಹೆಗಲು ಕೊಡವಿದಾಗ ತಿದ್ದಿದೆ. ಇನ್ನೊಬ್ಬರು ಮೂರು ಸಲ ಕೊಡವಿದಾಗ, ಎರಡೇ ಎಂದು ಬೆರಳು ತೋರಿಸಿದೆ. ನನ್ನ ಕುತ್ತಿಗೆಯ ಅಳತೆ ತೆಗೆದು ಹಗ್ಗ ಹೊಸೆದುಕೊಟ್ಟವಳು ನಾನೇ. ಸಂಜೆ ಮನೆಗೆ ಹೋಗುವಾಗ ಚೇತನನಿಗೆ, "ಲೋ, ಆ ಹೆಗಲು ಕೊಡವೋದು ತೆಗೆದುಬಿಡೋ, ಚೆನ್ನಾಗಿಲ್ಲ" ಎಂದೆ. "ಅಕ್ಕ, ಇಡೀ ಸಿನಿಮಾದಲ್ಲಿ ನಿಜ ಅನ್ನೋದು ಅದೊಂದೇ" ಎಂದ. ನಿಜದ ಕಾರಣ ಹೇಳಿದ್ದರೆ ಇನ್ನೂ ಖುಷಿಪಟ್ಟು ಪ್ರದರ್ಶನದ ದಿನ ಮೈಕಿನಲ್ಲಿ ಹೇಳಿಬಿಡುತ್ತಿದ್ದ. ಅಂದಿನಿಂದ ಪ್ರದರ್ಶನದವರೆಗೆ ನನ್ನ ಪೆನ್ನಿನ ಸ್ಪ್ರಿಂಗು ಎರಡು ಸಲ ಕೆಟ್ಟಿತು.

ಪ್ರದರ್ಶನ ಸಮುದಾಯ ಭವನದಲ್ಲಿ, ಒಂದು ಭಾನುವಾರ ಸಂಜೆ. ಪರದೆಗೆ ಬಣ್ಣ ಹಾಕದ ನಾಲ್ಕು ಸೀರೆಗಳನ್ನು ಜೋಡಿಸಿ ಹೊಲಿದಿದ್ದರು. ಊರಿನ ಬೇರೆ ಶೆಡ್ಡುಗಳವರೂ ಬಂದಿದ್ದರು. ಮೊದಲ ಸಾಲಿನಲ್ಲಿ ಯಜಮಾನರು, ಇಸ್ತ್ರಿ ಮಾಡಿದ ಟವೆಲ್ಲಿನೊಂದಿಗೆ. ನಾನು ಬಾಗಿಲ ಹತ್ತಿರ, ಓಡಲು ಅನುಕೂಲವಾಗುವಂತೆ. ಓಡುವ ಜಾತಿ ನನ್ನದಲ್ಲ ಎಂಬುದು ಆಮೇಲೆ ನೆನಪಾಯಿತು. ದೀಪ ಆರಿತು. ಮಗ್ಗದ ಸದ್ದು ಶುರುವಾಯಿತು. ಕೊಡೆ ತೇಲುತ್ತ ಬಂತು. ಪರದೆಯ ಮೇಲೆ ಹತ್ತೊಂಬತ್ತು ಜನ ಒಟ್ಟಿಗೆ ಎಡ ಹೆಗಲು ಕೊಡವಿಕೊಂಡರು.

ಭವನದಲ್ಲಿ ಅಲ್ಲಲ್ಲಿ ಬೆಳಗುತ್ತಿದ್ದ ಫೋನುಗಳೆಲ್ಲ ಒಮ್ಮೆಗೇ ಆರಿಹೋದವು. ಒರಗಿ ಕೂತಿದ್ದವರು ನೆಟ್ಟಗಾದರು. ಹಿಂದಿನ ಸಾಲಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಸದ್ದು ನಿಂತಿತು. ಸನ್ನೆ ತನ್ನ ಕೆಲಸ ಮಾಡಿತ್ತು. ಚೇತನ್ ನನ್ನ ಕೈ ಹಿಡಿದು, "ನೋಡಕ್ಕ, ಜನ ಹೇಗೆ ಒಳಗೆ ಹೋದ್ರು" ಎಂದು ಪಿಸುಗುಟ್ಟಿದ. ನಾನು ನೋಡುತ್ತಿದ್ದದ್ದು ಮೊದಲ ಸಾಲನ್ನು. ಕತ್ತಲಲ್ಲಿ ಯಜಮಾನರ ಬಲಗೈ ಎದ್ದಿತು, ಟವೆಲ್ಲಿನ ಹತ್ತಿರ ಹೋಯಿತು, ಅರ್ಧಕ್ಕೆ ನಿಂತಿತು. ಆ ಕೈ ಅಲ್ಲೇ ನಿಂತಿದ್ದಷ್ಟು ಹೊತ್ತು ನನ್ನ ಪೆನ್ನು ಟಿಕ್ ಟಿಕ್ ಎನ್ನುತ್ತಿತ್ತು. ಸಿನಿಮಾದಲ್ಲಿ ಮುಂದೆ ಆ ಹುಡುಗಿ ಹೆಗಲು ಕೊಡವುವುದಿಲ್ಲ. ಜನ ಅವಳಿಂದ ದೂರ ಸರಿಯುತ್ತಾರೆ, ಅವಳ ಪಕ್ಕದ ಮಗ್ಗ ಖಾಲಿಯಾಗುತ್ತದೆ. ಕಡೆಗೆ ಅವಳು ಕೊಡೆಯ ಕೆಳಗೆ ಯಾರಿದ್ದಾರೆಂದು ನೋಡಲು ನುಗ್ಗುತ್ತಾಳೆ. ಯಾರೂ ಇಲ್ಲ. ಅದನ್ನು ಮಡಿಸಿ ಕೆಳಗಿಡಲು ಹಿಡಿ ಹಿಡಿಯುತ್ತಾಳೆ. ಅಷ್ಟರಲ್ಲಿ ಜನ ನೋಡುತ್ತಾರೆ, ಕೊಡೆಯ ಕೆಳಗೆ ಈಗ ಒಬ್ಬಳಿದ್ದಾಳೆ. ಎಲ್ಲರೂ ಅವಳಿಗೆ ಹೆಗಲು ಕೊಡವುತ್ತಾರೆ. ಅವಳ ಮುಖವನ್ನು ಬಹಳ ಹೊತ್ತು ತೋರಿಸಿ ಸಿನಿಮಾ ಮುಗಿಯುತ್ತದೆ. ಇದೇನು ಕೊನೆಯೋ ಎಂದು ಅವತ್ತು ನನಗೆ ಅನಿಸಿತ್ತು.

ದೀಪ ಹತ್ತಿತು. ಯಜಮಾನರನ್ನು ಎರಡು ಮಾತಾಡಿ ಎಂದು ವೇದಿಕೆಗೆ ಕರೆದರು. ಅವರು ಮೈಕನ್ನು ಎರಡು ಸಲ ತಟ್ಟಿದರು. "ಸಿನಿಮಾ ಚೆನ್ನಾಗೈತೆ. ಶಿಸ್ತಿನ ಬಗ್ಗೆ ತೆಗ್ದವ್ನೆ ಹುಡುಗ. ಕಡೆಗೆ ಆ ಹುಡುಗೀಗೂ ಬುದ್ಧಿ ಬಂತು, ಜವಾಬ್ದಾರಿ ಕೈಗೆ ತಗೊಂಡ್ಲು. ಒಳ್ಳೇದು." ಚೇತನನ ಬಾಯಿ ಅರ್ಧ ತೆರೆಯಿತು. ನಾನು ಅವನ ಕಾಲು ತುಳಿದೆ. "ಆದ್ರೆ ಒಂದು ಕೇಳ್ಬೇಕು. ಆ ಹೆಗಲು ಕೊಡವೋದು, ಅದೇನಪ್ಪ?"

ಚೇತನ್ ಕಾಲು ಬಿಡಿಸಿಕೊಂಡು ಎದ್ದುನಿಂತು, "ಸರ್, ಅದು ನಂದಲ್ಲ. ನಿಮ್ಮ ಕೆಲಸದವರಿಂದಲೇ ಬಂದದ್ದು. ಅಕ್ಕ ಎಲ್ಲಾ ಬರೆದುಕೊಂಡಿದ್ದಾಳೆ, ಅವಳನ್ನೇ ಕೇಳಿ" ಎಂದ. ಎಲ್ಲರೂ ತಿರುಗಿದರು. ಜಬೀನಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಮುನಿರಾಜಣ್ಣ ಮಾತ್ರ ಚಾವಣಿ ನೋಡುತ್ತಿದ್ದರು. ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಅವರ ಕಾವಲು ಹೋಗುತ್ತದೆ. ಗೊತ್ತಿಲ್ಲ ಎಂದರೆ, ಬರೆದುಕೊಂಡವಳಿಗೆ ಗೊತ್ತಿಲ್ಲವೇ ಎನ್ನುತ್ತಾರೆ.

"ಮರ್ಯಾದೆ, ಸರ್" ಎಂದೆ. "ಯಜಮಾನರು ಬರುವಾಗ ಮೈಮೇಲೆ ಧೂಳಿರಬಾರದು ಅಂತ. ಮೊದಲಿಂದಲೂ ಹಾಗೆ."

ಯಜಮಾನರು ಟವೆಲ್ಲಿನ ತುದಿಯಿಂದ ಕಣ್ಣಿನ ಮೂಲೆ ಒತ್ತಿಕೊಂಡು, "ಇಷ್ಟ್ ವರ್ಷ ಆಯ್ತು, ನಂಗೆ ಗೊತ್ತೇ ಇರ್ಲಿಲ್ಲ" ಎಂದರು. ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ, ಜೋರಾಗಿಯೇ. ಹೊರಗೆ ಬರುವಾಗ ಜಬೀನಕ್ಕ ನನ್ನ ಕೆನ್ನೆ ಹಿಂಡಿ, "ಶಹಬ್ಬಾಸ್ ಬೇಟಾ, ಬಚಾವ್ ಮಾಡ್ದೆ" ಎಂದರು. ಅವತ್ತಿನ ದಿನಚರಿಯಲ್ಲಿ ಹೆದರಿಕೆ ಒಂದು, ನೆಮ್ಮದಿ ಒಂದು ಎಂದು ಬರೆದಿದ್ದೇನೆ. ನೆಮ್ಮದಿ ಎಂಬ ಕಾಲಂ ಇಲ್ಲದ್ದರಿಂದ ಹೊಸದಾಗಿ ಗೀಟು ಎಳೆಯಬೇಕಾಯಿತು.

ಆ ಕಾಲಂ ಸೋಮವಾರ ಬೆಳಿಗ್ಗೆಗೇ ಖಾಲಿಯಾಯಿತು. ಯಜಮಾನರು ಬಂದವರು ಶೆಡ್ಡಿನೊಳಗೆ ಹೋಗದೆ ಬಾಗಿಲಲ್ಲೇ ನಿಂತರು. ಕಾಯುತ್ತಿದ್ದರು. ಮೊದಲು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮುನಿರಾಜಣ್ಣ ಹಿಂಜರಿಯುತ್ತ ಹೆಗಲು ಕೊಡವಿದರು. ಯಜಮಾನರ ಮುಖ ಅರಳಿತು, ಅವರೂ ಟವೆಲ್ ಕೊಡವಿದರು. ಅಂದಿನಿಂದ ದಿನಾ ಇದೇ. ಕದ್ದು ಮಾಡುತ್ತಿದ್ದುದನ್ನು ಈಗ ಎದುರೇ ಮಾಡಬೇಕು. ಬೆಳಿಗ್ಗೆ ಬಂದಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ಹೋಗುವಾಗ ಒಮ್ಮೆ. ಲಾಳಿ ಸಿಕ್ಕಿಕೊಂಡಿರಲಿ, ದಾರ ಕಡಿದಿರಲಿ, ಕೈ ಹೆಗಲಿಗೆ ಹೋಗಬೇಕು. ಮೂರನೆಯ ದಿನ ನನ್ನನ್ನು ಕರೆದು, "ಪವಿತ್ರಮ್ಮ, ಕೆಲವ್ರು ಒಂದೇ ಸಲ ಕೊಡವ್ತಾರೆ, ಕೆಲವ್ರು ಸುಮ್ನಿರ್ತಾರೆ. ಸರಿಯಾಗಿ ಗೊತ್ತಿರೋದು ನಿಂಗೆ. ನೀನೇ ನೋಡ್ಕೊ" ಎಂದರು. ಟೇಬಲ್ಲು ಬದಲಾಯಿತು, ಗಾಲಿ ಇರುವ ಕುರ್ಚಿ ಬಂತು.

ಈ ಕೆಲಸ ನನಗೆ ಬೇಡವಾಗಿತ್ತು ಎಂದು ಆಣೆ ಮಾಡಿ ಹೇಳಬಲ್ಲೆ. ಆದರೆ ಮಾಡುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡದಿರಲು ನನ್ನಿಂದ ಆಗುವುದಿಲ್ಲ. ದಿನಕ್ಕೆ ಮೂರು ಸಲ ಪೆನ್ನು ಹಿಡಿದು ಶೆಡ್ಡಿನೊಳಗೆ ನಡೆಯುತ್ತೇನೆ. ಎಡ ಹೆಗಲೇ ಹೌದೋ, ಎರಡು ಸಲವೇ ಹೌದೋ ನೋಡಿ, ಸರಿಗೆ ಒಂದು ಗೀಟು, ತಪ್ಪಿಗೆ ಒಂದು ಸೊನ್ನೆ. ಜಬೀನಕ್ಕನ ಹೆಸರಿನ ಮುಂದೆ ಸಾಲಾಗಿ ಸೊನ್ನೆ. ಒಂದು ದಿನ ಮೆಲ್ಲಗೆ, "ಅಕ್ಕ, ಕೈ ಸ್ವಲ್ಪ ಎತ್ತಿಬಿಡಿ, ಸಾಕು" ಎಂದೆ.

"ಎರಡೂ ಕೈಲಿ ಕಂಡಿಕೆ ಐತೆ, ಮೇಡಂ" ಎಂದರು.

ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಪವಿ ಎನ್ನುತ್ತಿದ್ದರು. ಆ ಸಂಜೆ ಯಜಮಾನರು ಸೊನ್ನೆಗಳನ್ನು ನೋಡಿ ಜಬೀನಕ್ಕನಿಗೆ ಅರ್ಧ ದಿನ ಕಟ್ ಎಂದರು. ಬರೆದವಳು ನಾನು. ಬರೆಯುವಾಗ ಹೆದರಿಕೆಯಾಯಿತು, ಅದನ್ನೂ ಬರೆದೆ. ಈಗಲೂ ಗಿರಣಿಯ ತಿರುವಿನಲ್ಲಿ ಕಾರು ಕಂಡರೆ ನನ್ನ ಕೈ ಹೆಗಲಿಗೆ ಹೋಗುತ್ತದೆ. ಒಳಗಿನ ಗಾಜಿನ ಕಡೆ ತಿರುಗಿ ನೋಡುತ್ತೇನೆ. ಯಾರೂ ನನ್ನ ಕಡೆ ನೋಡುತ್ತಿರುವುದಿಲ್ಲ.

ಇದನ್ನೆಲ್ಲ ಪತ್ರಿಕೆಗೆ ಬರೆಯುವ ಧೈರ್ಯ ಹೇಗೆ ಬಂತು ಎಂದು ಕೇಳಬೇಡಿ. ಬಂದಿಲ್ಲ. ಯಜಮಾನರು ಪತ್ರಿಕೆಯಲ್ಲಿ ರಾಶಿಭವಿಷ್ಯ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ನಂಬಿಕೆಯಿಂದ ಬರೆದಿದ್ದೇನೆ. ಸಂಪಾದಕರು ದಯವಿಟ್ಟು ಇದನ್ನು ಆ ಪುಟದ ಹತ್ತಿರ ಹಾಕಬಾರದು. ಬರೆಯಲು ಕಾರಣ ಬೇರೆ ಇದೆ. ಕಳೆದ ವಾರದಿಂದ ಶೆಡ್ಡಿನಲ್ಲಿ ಒಂದು ಹೊಸ ಸನ್ನೆ ಕಾಣುತ್ತಿದೆ. ನಾನು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ಬಂದಾಗ, ಕಂಡಿಕೆಯ ಯಂತ್ರದ ಕಡೆಯಿಂದ ಶುರುವಾಗಿ ಒಬ್ಬರಿಂದೊಬ್ಬರಿಗೆ ಹರಿದುಹೋಗುತ್ತದೆ. ಮುಷ್ಟಿ ಕಟ್ಟಿ, ಹೆಬ್ಬೆರಳನ್ನು ಮೇಲಿಂದ ಎರಡು ಸಲ ಒತ್ತುತ್ತಾರೆ. ಫೋನುಗಳು ಜೇಬಿಗೆ ಹೋಗುತ್ತವೆ, ಬೆನ್ನುಗಳು ನೆಟ್ಟಗಾಗುತ್ತವೆ. ಇದೇನೆಂದು ಮುನಿರಾಜಣ್ಣನನ್ನು ಕೇಳಿದರೆ, "ಏನಿಲ್ಲ ಮೇಡಂ, ಹೆಬ್ಬೆಟ್ಟು ನೋಯ್ತದೆ" ಎಂದರು. ಜಬೀನಕ್ಕನಿಗೂ ನೋಯುತ್ತದಂತೆ. ಹತ್ತೊಂಬತ್ತು ಜನರಿಗೂ, ನಾನು ಬಂದಾಗ ಮಾತ್ರ, ಎರಡೇ ಸಲ ನೋಯುವ ಕಾಯಿಲೆ ಯಾವುದೆಂದು ನಾನು ಡಾಕ್ಟರನ್ನು ಕೇಳಿಲ್ಲ. ಈಗ ಹನ್ನೆರಡೂ ಐದು. ಇದನ್ನು ಬರೆಯುವಾಗಲೂ ಪೆನ್ನು ಟಿಕ್ ಟಿಕ್ ಎನ್ನುತ್ತಲೇ ಇತ್ತು, ಅಮ್ಮ ಎರಡು ಸಲ ಗದರಿದಳು. ಮಗ್ಗದ ಶೆಡ್ಡುಗಳಲ್ಲಿ ಕೆಲಸ ಮಾಡಿದವರು, ಕೈಮಾತು ಬಲ್ಲವರು ಯಾರಾದರೂ ಇದ್ದರೆ ಈ ಸನ್ನೆಯ ಅರ್ಥವನ್ನು ದಯವಿಟ್ಟು ಬರೆದು ತಿಳಿಸಿ. ಪತ್ರಿಕೆಯ ವಿಳಾಸಕ್ಕೇ ಬರೆಯಿರಿ, ಶೆಡ್ಡಿಗೆ ಬೇಡ. ನಾನು ಅಂದುಕೊಂಡಿರುವುದನ್ನು ಬಿಟ್ಟು ಬೇರೆ ಯಾವ ಅರ್ಥವಾದರೂ ನಡೆಯುತ್ತದೆ.